ಮೇಲಿರುವ ಗೆರೆಯೇ ದೊಡ್ಡ ಮಾರುಕಟ್ಟೆಯೇ? ಕೀನ್ಯಾ, ಇಥಿಯೋಪಿಯಾ ಕಾಗದ ಆಮದಿನ ಬಗ್ಗೆ ಒಂದು ಪ್ರಶ್ನೆ

ಪ್ರಶ್ನೆ: ಬೆಂಗಳೂರಿನ ಪೀಣ್ಯದಲ್ಲಿ ನಮ್ಮದೊಂದು ಸಣ್ಣ ಘಟಕವಿದೆ. ಶಾಲಾ ನೋಟ್‌ಬುಕ್ ಮತ್ತು ಡ್ಯೂಪ್ಲೆಕ್ಸ್ ಬೋರ್ಡಿನ ಪೆಟ್ಟಿಗೆಗಳನ್ನು ತಯಾರಿಸುತ್ತೇವೆ. ಪೂರ್ವ ಆಫ್ರಿಕಾಕ್ಕೆ ರಫ್ತು ಮಾಡುವ ಯೋಚನೆಯಿದೆ. ಎಂ.ಕಾಂ. ಓದುತ್ತಿರುವ ಮಗಳು ವಿಶ್ವಸಂಸ್ಥೆಯ ಆಹಾರ ಮತ್ತು ಕೃಷಿ ಸಂಸ್ಥೆಯ (ಎಫ್‌ಎಒ) ಅಂಕಿಅಂಶಗಳಿಂದ ಕೀನ್ಯಾ ಮತ್ತು ಇಥಿಯೋಪಿಯಾದ ‘ಕಾಗದ ಮತ್ತು ರಟ್ಟು’ ಆಮದಿನ ಮೌಲ್ಯವನ್ನು 1990ರಿಂದ ಈಚೆಗೆ ಡಾಲರಿನಲ್ಲಿ ತೆಗೆದು ಗ್ರಾಫ್ ಮಾಡಿಕೊಟ್ಟಿದ್ದಾಳೆ. ಜನಸಂಖ್ಯೆ ಕೀನ್ಯಾದ ದುಪ್ಪಟ್ಟಿಗಿಂತ ಹೆಚ್ಚಿದ್ದರೂ ಇಥಿಯೋಪಿಯಾದ ಗೆರೆ ಕೆಳಗಿದೆ. ಅದು ಏರುತ್ತದೆ, ಕುಸಿಯುತ್ತದೆ. ಆರಂಭದ ಮೂರು ವರ್ಷ ಸೊನ್ನೆಯನ್ನೇ ತೋರಿಸುತ್ತದೆ. ಇನ್ನೊಂದು ಜಾಲತಾಣದ ಅಂಕಿಗಳಿಗೂ ಇವಕ್ಕೂ ತಾಳೆಯಾಗುವುದಿಲ್ಲ. ಅಂಕಿಗಳನ್ನು ನಂಬಬಹುದೇ? ಇಥಿಯೋಪಿಯಾವನ್ನು ಕೈಬಿಟ್ಟು ಕೀನ್ಯಾ ಒಂದನ್ನೇ ಹಿಡಿಯುವುದು ಸರಿಯೇ?

ಉತ್ತರ: ನಿಮ್ಮ ಮಗಳ ಗ್ರಾಫಿನಲ್ಲಿ ಲೆಕ್ಕದ ತಪ್ಪು ಇದ್ದಂತಿಲ್ಲ. ಆದರೆ ನಿಮಗೆ ತಿಳಿಯಬೇಕಿರುವುದು ನಿಮ್ಮ ನೋಟ್‌ಬುಕ್ಕಿಗೆ, ಪೆಟ್ಟಿಗೆಗೆ ಎಲ್ಲಿ ಗಿರಾಕಿ ಸಿಗುತ್ತಾನೆ, ಸಿಕ್ಕ ಗಿರಾಕಿಯಿಂದ ಹಣ ಬರುತ್ತದೆಯೇ ಎಂಬುದು. ಈ ಎರಡು ಪ್ರಶ್ನೆಗಳಲ್ಲಿ ಒಂದಕ್ಕೂ ಆ ಗ್ರಾಫಿನಲ್ಲಿ ಉತ್ತರವಿಲ್ಲ. ಇದನ್ನು ಮೊದಲೇ ಹೇಳಿಬಿಡುವುದು ನನಗೆ ಮುಖ್ಯ. ಏಕೆಂದರೆ ರಫ್ತಿಗೆ ಹೊರಟ ಸಣ್ಣ ಘಟಕಗಳು ಹೀಗೆ ಒಂದು ಏರುಗೆರೆಯನ್ನು ನಂಬಿ ಯಂತ್ರಕ್ಕೆ ಸಾಲ ತೆಗೆದದ್ದನ್ನು ನಾನು ಬಹಳ ಸಲ ಕಂಡಿದ್ದೇನೆ.

ಎಫ್‌ಎಒ ಪಟ್ಟಿಯಲ್ಲಿ ‘ಕಾಗದ ಮತ್ತು ರಟ್ಟು’ ಎಂದರೆ ಗಿರಣಿಯಿಂದ ಹೊರಬರುವ ಮೂಲ ಸರಕು: ನ್ಯೂಸ್‌ಪ್ರಿಂಟ್, ಬರೆಯುವ ಮತ್ತು ಮುದ್ರಿಸುವ ಕಾಗದದ ರೀಲುಗಳು, ಕ್ರಾಫ್ಟ್ (ಚೀಲ, ಪೆಟ್ಟಿಗೆಗೆ ಬಳಸುವ ಗಟ್ಟಿ ಕಾಗದ), ರಟ್ಟು. ಅದರಿಂದ ಮಾಡಿದ ಪೆಟ್ಟಿಗೆ, ಪುಸ್ತಕ, ಪತ್ರಿಕೆ ಮುಂತಾದ ಸಿದ್ಧ ವಸ್ತುಗಳನ್ನು ಆ ಲೆಕ್ಕದಿಂದ ಹೊರಗಿಡಲಾಗಿದೆ. ಅಂದರೆ ನೀವು ಮಾರಲು ಹೊರಟಿರುವ ಎರಡು ಸರಕುಗಳೂ ಆ ಗ್ರಾಫಿನಲ್ಲಿ ಇಲ್ಲವೇ ಇಲ್ಲ. ನೈರೋಬಿಯ ಕೈಗಾರಿಕಾ ಪ್ರದೇಶದಲ್ಲಿ ಹೊರಗಿನಿಂದ ರೀಲು ತರಿಸಿ, ಗೆರೆ ಹೊಡೆಸಿ, ಹೊಲಿದು ನೋಟ್‌ಬುಕ್ ಮಾಡುವ ಕಾರ್ಖಾನೆಗಳಿವೆ. ಕೀನ್ಯಾದ ಆಮದಿನ ಗೆರೆ ಎತ್ತರದಲ್ಲಿದ್ದರೆ ಅದರ ಒಂದು ಭಾಗ ಇಂಥವರ ಕಚ್ಚಾಮಾಲು. ನೀವು ಗಿರಾಕಿ ಎಂದುಕೊಂಡ ಗೆರೆಯಲ್ಲಿ ನಿಮ್ಮ ಪೈಪೋಟಿದಾರರೇ ಇದ್ದಾರೆ.

ಎರಡು ತಾಣಗಳ ಅಂಕಿಗಳು ಏಕೆ ಕೂಡುವುದಿಲ್ಲ ಎಂಬುದಕ್ಕೂ ಬಹುಪಾಲು ಇದೇ ಕಾರಣ. ವಿಶ್ವಸಂಸ್ಥೆಯ ಕಾಮ್‌ಟ್ರೇಡ್ ದತ್ತಾಂಶದಲ್ಲಿ ಕಸ್ಟಮ್ಸ್‌ನವರು ಬಳಸುವ ಎಚ್‌ಎಸ್ ಕೋಡ್, ಅಂದರೆ ಸರಕುಗಳನ್ನು ವಿಂಗಡಿಸುವ ಅಂತರರಾಷ್ಟ್ರೀಯ ಸಂಖ್ಯೆ, ಇರುತ್ತದೆ. ಅದರ 48ನೇ ಅಧ್ಯಾಯದಲ್ಲಿ ಮೂಲ ಕಾಗದವೂ ಇದೆ, ಸಿದ್ಧ ವಸ್ತುಗಳೂ ಇವೆ. ಒಂದು ಶಾಲಾ ಮಗುವಿನ ಚೀಲವನ್ನೇ ತೆಗೆದುಕೊಳ್ಳಿ. ನೋಟ್‌ಬುಕ್ಕನ್ನು ಹೊರಗಿನಿಂದ ತರಿಸಿದರೆ ಅದು 4820ರಲ್ಲಿ ದಾಖಲಾಗುತ್ತದೆ. ಅದನ್ನೇ ದೇಶದೊಳಗೆ ತಯಾರಿಸಲು ಬರೆಯುವ ಕಾಗದದ ರೀಲು ತಂದರೆ 4802. ಕಾಗದವನ್ನೂ ದೇಶದೊಳಗೇ ಮಾಡಲು ಪಲ್ಪ್ (ಕಾಗದದ ತಿರುಳು) ತಂದರೆ 47ನೇ ಅಧ್ಯಾಯ. ಪಠ್ಯಪುಸ್ತಕವನ್ನು ಹೊರಗೆ ಮುದ್ರಿಸಿ ತಂದರೆ 49ನೇ ಅಧ್ಯಾಯ. ಚೀಲದಲ್ಲಿರುವ ಕಾಗದ ಒಂದೇ, ದಾಖಲೆಯಲ್ಲಿ ಅದು ನಾಲ್ಕು ಕಡೆ ಹಂಚಿಹೋಗಬಹುದು. ಕೀನ್ಯಾದ 2017ರ ಚುನಾವಣೆಯ ಮತಪತ್ರಗಳು ದುಬೈಯಲ್ಲಿ, 2022ರವು ಗ್ರೀಸಿನಲ್ಲಿ ಮುದ್ರಣವಾದವು. ಅಷ್ಟು ಕಾಗದ ದೇಶದೊಳಕ್ಕೆ ಬಂದರೂ ಮುದ್ರಿತ ಸರಕಾದ್ದರಿಂದ ಅದು 48ರ ಗೆರೆಯಲ್ಲಿ ಕಾಣಿಸುವುದಿಲ್ಲ. ಆದ್ದರಿಂದ ಅಂಕಿಗಳು ಕೂಡದಿದ್ದರೆ ಯಾರೋ ಸುಳ್ಳು ಹೇಳುತ್ತಿದ್ದಾರೆ ಎಂದು ತೀರ್ಮಾನಿಸಬೇಡಿ. ಯಾವ ಕೋಡುಗಳನ್ನು ಕೂಡಿಸಿದ್ದಾರೆ ಎಂದು ಮೊದಲು ನೋಡಿ.

ಆರಂಭದ ಮೂರು ಸೊನ್ನೆಗಳಿಗೆ ಕಾರಣ ಇತಿಹಾಸದಲ್ಲಿದೆ. ಎರಿಟ್ರಿಯಾ 1993ರಲ್ಲಿ ಸ್ವತಂತ್ರವಾಯಿತು. ಎಫ್‌ಎಒ ತನ್ನ ಪಟ್ಟಿಯಲ್ಲಿ 1992ರವರೆಗಿನ ಹಳೆಯ ಇಥಿಯೋಪಿಯಾವನ್ನು ಬೇರೆಯೇ ದೇಶವಾಗಿ ದಾಖಲಿಸಿದೆ. ‘ಇಥಿಯೋಪಿಯಾ’ ಎಂದು ಆರಿಸಿದರೆ 1993ರಿಂದ ಮಾತ್ರ ಅಂಕಿ ಸಿಗುತ್ತದೆ, ಅದಕ್ಕೆ ಹಿಂದಿನದು ಖಾಲಿ. ಖಾಲಿ ಕೋಶವನ್ನು ಗ್ರಾಫ್ ತಂತ್ರಾಂಶ ಸೊನ್ನೆ ಎಂದು ಓದಿಬಿಟ್ಟಿದೆ. ಹಳೆಯ ದೇಶದ ಅಂಕಿಯನ್ನು ತಂದು ಜೋಡಿಸಬಹುದು, ಆದರೆ ಅದರಲ್ಲಿ ಎರಿಟ್ರಿಯಾ ಮತ್ತು ಅದರ ಬಂದರುಗಳು ಸೇರಿಕೊಂಡಿರುತ್ತವೆ. ನಿಮ್ಮ ಉದ್ದೇಶಕ್ಕೆ 1990ರ ದಶಕದ ಆರಂಭ ಬೇಕಾಗಿಯೇ ಇಲ್ಲ, 2000ದಿಂದ ಶುರು ಮಾಡಿ. ನಡುವೆ ಎಲ್ಲಾದರೂ ಅಂಕಿ ಇಲ್ಲದಿದ್ದರೆ ಗೆರೆಯನ್ನು ಅಲ್ಲಿ ತುಂಡಾಗಿಯೇ ಬಿಡಿ. ಒಂದೇ ಅಂಕಿ ಎರಡು ಮೂರು ವರ್ಷ ಸತತವಾಗಿ ಬಂದಿದ್ದರೆ ಅದು ಅಂದಾಜು ಇರಬಹುದು. ಅಂಕಿಯ ಪಕ್ಕದಲ್ಲಿರುವ ಸಂಕೇತಾಕ್ಷರ, ಅದು ಅಧಿಕೃತವೋ ಅಂದಾಜೋ ಎಂದು ಹೇಳುತ್ತದೆ. ಡೌನ್‌ಲೋಡ್ ಮಾಡಿದವರು ಮೊದಲು ಅಳಿಸಿಹಾಕುವುದು ಆ ಕಾಲಮನ್ನೇ.

ಇನ್ನು ಗೆರೆಗಳ ಏರಿಳಿತಕ್ಕೆ ಬರೋಣ. ಹೆಚ್ಚಿನವರು ಜಾರುವುದು ಇಲ್ಲಿಯೇ.

ಆಮದು ಎಂದರೆ ಬಳಕೆಯಲ್ಲ. ದೇಶದೊಳಗಿನ ಉತ್ಪಾದನೆಗೆ ಆಮದನ್ನು ಕೂಡಿಸಿ, ರಫ್ತನ್ನು ಕಳೆದರೆ ಮಾತ್ರ ಬಳಕೆಯ ಅಂದಾಜು ಸಿಗುತ್ತದೆ. ಕೀನ್ಯಾದ ವಿಷಯದಲ್ಲಿ ಇದು ಬಹಳ ಮುಖ್ಯ. ಪಶ್ಚಿಮ ಕೀನ್ಯಾದ ವೆಬುಯೆ ಎಂಬ ಊರಿನಲ್ಲಿ, ನ್ಜೋಯಿಯಾ ನದಿಯ ಬದಿಯಲ್ಲಿ, ಪ್ಯಾನ್ ಆಫ್ರಿಕನ್ ಪೇಪರ್ ಮಿಲ್ಸ್ ಎಂಬ ದೊಡ್ಡ ಕಾರ್ಖಾನೆಯಿತ್ತು. ನಮ್ಮ ಬಿರ್ಲಾ ಸಮೂಹದ ಓರಿಯಂಟ್ ಪೇಪರ್, ಕೀನ್ಯಾ ಸರ್ಕಾರ ಮತ್ತು ವಿಶ್ವಬ್ಯಾಂಕ್ ಸಮೂಹದ ಹಣಕಾಸು ಸಂಸ್ಥೆ ಸೇರಿ 1970ರ ದಶಕದಲ್ಲಿ ನಡೆಸಲು ಆರಂಭಿಸಿದ ಉದ್ಯಮ ಅದು. ಊರಿಗೆ ಊರೇ ಅದನ್ನು ನಂಬಿ ಬೆಳೆದಿತ್ತು. ಸಾಲ, ವಿದ್ಯುತ್ ಬಾಕಿ ಎಲ್ಲ ಸೇರಿ 2009ರಲ್ಲಿ ಅದು ಮುಚ್ಚಿತು. ಮತ್ತೆ ತೆರೆಯುವ ಯತ್ನ ಫಲಿಸಲಿಲ್ಲ. ಕಡೆಗೆ 2016ರಲ್ಲಿ ರಾಯ್ ಸಮೂಹ ಅದನ್ನು ಕೊಂಡಿತು. ಇಂಥ ಗಿರಣಿ ನಿಂತಾಗ ಅದು ಪೂರೈಸುತ್ತಿದ್ದ ಕಾಗದ ಹೊರಗಿನಿಂದ ಬರಲೇಬೇಕು. ಆಮದಿನ ಗೆರೆ ಏರುತ್ತದೆ. ಆ ಏರಿಕೆಯನ್ನು ಕಂಡು ‘ಕೀನ್ಯಾದವರು ಹೆಚ್ಚು ಕಾಗದ ಬಳಸತೊಡಗಿದ್ದಾರೆ’ ಎಂದರೆ ತಪ್ಪಾಗುತ್ತದೆ. ಸಾವಿರಾರು ಜನರ ಕೆಲಸ ಹೋದದ್ದು ಮಾರುಕಟ್ಟೆಯ ಬೆಳವಣಿಗೆಯಂತೆ ಕಾಣಿಸುತ್ತಿರುತ್ತದೆ. ಭದ್ರಾವತಿಯಲ್ಲಿ ಎಂಪಿಎಂ (ಮೈಸೂರು ಕಾಗದ ಕಾರ್ಖಾನೆ) ಚಕ್ರ ನಿಂತದ್ದನ್ನು ಕಂಡ ನಮಗೆ ಇದನ್ನು ವಿವರಿಸಿ ಹೇಳಬೇಕಿಲ್ಲ.

ಕೀನ್ಯಾದಲ್ಲಿ ನಿಜವಾದ ಬೇಡಿಕೆಯೂ ಇದೆ ಎಂಬುದನ್ನು ಮರೆಯಬಾರದು. ಚಹಾ ಪುಡಿ ಹಲವು ಪದರದ ಕಾಗದದ ಚೀಲಗಳಲ್ಲಿ ಮೊಂಬಾಸಾದ ಹರಾಜಿಗೆ ಹೋಗುತ್ತದೆ. ನೈವಾಶಾ ಸರೋವರದ ಸುತ್ತಲಿನ ಹೂವು ರಟ್ಟಿನ ಪೆಟ್ಟಿಗೆಯಲ್ಲಿ ವಿಮಾನ ಹತ್ತುತ್ತದೆ. 2017ರ ಆಗಸ್ಟ್ 28ರಿಂದ ಪ್ಲಾಸ್ಟಿಕ್ ಕೈಚೀಲಗಳ ಮೇಲೆ ಕಟ್ಟುನಿಟ್ಟಿನ ನಿಷೇಧ ಜಾರಿಯಾದ ಮೇಲೆ ಕಾಗದದ ಚೀಲಕ್ಕೂ ಜಾಗ ಸಿಕ್ಕಿತು. ಆದರೆ ಇವು ಮುಖ್ಯವಾಗಿ ಕ್ರಾಫ್ಟ್ ಮತ್ತು ರಟ್ಟಿನ ಬೇಡಿಕೆಗಳು, ಶಾಲಾ ನೋಟ್‌ಬುಕ್ಕಿನದಲ್ಲ.

ಇಥಿಯೋಪಿಯಾದ ಕಥೆ ಬೇರೆ. ರಾಜಧಾನಿ ಆಡಿಸ್ ಅಬಾಬಾದ ಆಗ್ನೇಯಕ್ಕಿರುವ ವೊಂಜಿಯಲ್ಲಿ ಹಳೆಯದೊಂದು ಕಾಗದ ಕಾರ್ಖಾನೆ ಇದೆ. ಆದರೆ ಅಷ್ಟು ದೊಡ್ಡ ದೇಶಕ್ಕೆ ಅದು ಏನೂ ಸಾಲದು. ಹಾಗಿದ್ದ ಮೇಲೆ ಆಮದು ಹೆಚ್ಚಿರಬೇಕಲ್ಲವೇ? ಅಡ್ಡ ಬರುವುದು ಡಾಲರ್. ಅಲ್ಲಿ ವರ್ಷಗಟ್ಟಲೆ ವಿದೇಶಿ ವಿನಿಮಯದ ತೀವ್ರ ಕೊರತೆ ಇತ್ತು. ಆಮದುದಾರ ಬ್ಯಾಂಕಿನಲ್ಲಿ ಅರ್ಜಿ ಹಾಕಿ ಡಾಲರಿಗಾಗಿ ಸರದಿಯಲ್ಲಿ ಕಾಯುತ್ತಿದ್ದ. ಔಷಧ, ಇಂಧನ, ಗೊಬ್ಬರ ಮೊದಲು, ಉಳಿದವು ಆಮೇಲೆ. ಅಂಗಡಿಯಲ್ಲಿ ನೋಟ್‌ಬುಕ್ ಕೇಳುವವರು ಸಾಲುಗಟ್ಟಿ ನಿಂತಿದ್ದರೂ ಬ್ಯಾಂಕ್ ಎಲ್‌ಸಿ (ಮಾರುವವನಿಗೆ ಬ್ಯಾಂಕ್ ಕೊಡುವ ಪಾವತಿಯ ಭರವಸೆ ಪತ್ರ) ತೆರೆಯದಿದ್ದರೆ ಆಮದಿನ ಅಂಕಿ ಏರುವುದಿಲ್ಲ. ಹೀಗಾಗಿ ಇಥಿಯೋಪಿಯಾದ ಗೆರೆ ಅಲ್ಲಿನ ಜನ ಎಷ್ಟು ಕಾಗದ ಬಯಸಿದರು ಎಂಬುದಕ್ಕಿಂತ, ಆ ವರ್ಷ ಕಾಗದಕ್ಕೆ ಎಷ್ಟು ಡಾಲರ್ ಸಿಕ್ಕಿತು ಎಂಬುದನ್ನು ಅಳೆಯುತ್ತದೆ. ಕುಸಿದ ಗೆರೆಯನ್ನು ‘ಸತ್ತ ಮಾರುಕಟ್ಟೆ’ ಎಂದು ಓದಬೇಡಿ. ಹಾಗೆಂದು ‘ತಡೆಹಿಡಿದ ಬೇಡಿಕೆ ಒಂದು ದಿನ ಧುಮ್ಮಿಕ್ಕುತ್ತದೆ’ ಎಂಬ ದಲ್ಲಾಳಿಗಳ ಮಾತನ್ನೂ ನಂಬಬೇಡಿ. ಕೈಯಲ್ಲಿ ಹಣವಿಲ್ಲದವನ ಆಸೆಯನ್ನು ಲೆಕ್ಕಪತ್ರದಲ್ಲಿ ಬರೆದುಕೊಳ್ಳಲಾಗದು.

ಜೊತೆಗೆ 2020ರ ನವೆಂಬರಿನಿಂದ ಎರಡು ವರ್ಷ ದೇಶದ ಉತ್ತರದ ಟಿಗ್ರೇ ಪ್ರದೇಶದಲ್ಲಿ ಯುದ್ಧ ನಡೆಯಿತು. 2023ರ ಡಿಸೆಂಬರಿನಲ್ಲಿ ಇಥಿಯೋಪಿಯಾ 3.3 ಕೋಟಿ ಡಾಲರಿನ ಬಾಂಡ್ ಬಡ್ಡಿಯನ್ನು ಕಟ್ಟದೆ ಸುಸ್ತಿದಾರನಾಯಿತು. 2024ರ ಜುಲೈ 29ರಂದು ಅಲ್ಲಿನ ನಾಣ್ಯ ಬಿರ್‌ನ ದರವನ್ನು ಮಾರುಕಟ್ಟೆಗೆ ಬಿಟ್ಟರು. ಡಾಲರಿಗೆ ಸುಮಾರು 57 ಇದ್ದದ್ದು ಕೆಲವೇ ವಾರಗಳಲ್ಲಿ 100 ದಾಟಿತು. ಇದರಿಂದ ಡಾಲರ್ ಸಿಗುವುದು ಸ್ವಲ್ಪ ಸುಲಭವಾಯಿತು, ಆದರೆ ಆಮದು ಕಾಗದದ ಬೆಲೆ ಸ್ಥಳೀಯ ಗಿರಾಕಿಗೆ ದುಬಾರಿಯಾಯಿತು. ಕೀನ್ಯಾವೂ ಡಾಲರ್ ಕಷ್ಟದಿಂದ ಪೂರ್ತಿ ಪಾರಾಗಿರಲಿಲ್ಲ. 2024ರ ಜನವರಿಯಲ್ಲಿ ಶಿಲ್ಲಿಂಗ್ ಡಾಲರಿಗೆ 160ರ ಆಸುಪಾಸಿಗೆ ಕುಸಿದು, ಕೆಲವು ತಿಂಗಳಲ್ಲಿ 130ರ ಸುತ್ತ ಬಂದು ನಿಂತಿತು.

ಮೌಲ್ಯ ಏರಿದರೆ ಸರಕು ಏರಿದೆ ಎಂಬುದೂ ತಪ್ಪು ಗ್ರಹಿಕೆ. ಲೆಕ್ಕಕ್ಕಾಗಿ ಕಾಲ್ಪನಿಕ ಅಂಕಿಗಳನ್ನು ಇಟ್ಟುಕೊಳ್ಳೋಣ. ಒಂದು ವರ್ಷ ಟನ್ನಿಗೆ 700 ಡಾಲರಿನಂತೆ 1000 ಟನ್ ತರಿಸಿದರು: 7 ಲಕ್ಷ ಡಾಲರ್. ಮರುವರ್ಷ ಟನ್ನಿಗೆ 1000 ಡಾಲರ್ ಆಗಿ 900 ಟನ್ ಮಾತ್ರ ತರಿಸಿದರು: 9 ಲಕ್ಷ. ಗ್ರಾಫಿನಲ್ಲಿ ಶೇ. 28ಕ್ಕಿಂತ ಹೆಚ್ಚಿನ ಏರಿಕೆ, ಗೋದಾಮಿನಲ್ಲಿ ಶೇ. 10 ಕಡಿಮೆ ಕಾಗದ. 2021–22ರಲ್ಲಿ ಜಗತ್ತಿನಾದ್ಯಂತ ಪಲ್ಪ್ ಬೆಲೆಯೂ ಕಂಟೇನರ್ ಬಾಡಿಗೆಯೂ ಒಟ್ಟಿಗೆ ಏರಿದವು. ಆಮದು ಮೌಲ್ಯವನ್ನು ಸಾಮಾನ್ಯವಾಗಿ ಸಾಗಣೆ ಮತ್ತು ವಿಮೆ ಸೇರಿಸಿ, ಅಂದರೆ ಸಿಐಎಫ್ ಲೆಕ್ಕದಲ್ಲಿ, ದಾಖಲಿಸುತ್ತಾರೆ. ಆದ್ದರಿಂದ ಹಡಗಿನ ಬಾಡಿಗೆಯೂ ‘ಕಾಗದದ ಆಮದು’ ಎಂದೇ ಗೆರೆಯೊಳಗೆ ಕುಳಿತಿರುತ್ತದೆ. ಇಥಿಯೋಪಿಯಾಕ್ಕೆ ಸ್ವಂತ ಬಂದರಿಲ್ಲ. ಅದರ ವ್ಯಾಪಾರದ ಶೇ. 90ಕ್ಕೂ ಹೆಚ್ಚು ನೆರೆಯ ದೇಶ ಜಿಬೂಟಿಯ ಮೂಲಕ ಹೋಗುತ್ತದೆ. ಬಂದರಿನಿಂದ ಆಡಿಸ್‌ವರೆಗಿನ ಲಾರಿ ಅಥವಾ ರೈಲಿನ ವೆಚ್ಚ ಬೇರೆ. ಎಫ್‌ಎಒ ಪಟ್ಟಿಯಲ್ಲಿ ಮೌಲ್ಯದ ಪಕ್ಕದಲ್ಲೇ ಟನ್ನುಗಳ ಅಂಕಿ ಇದೆ. ಮಗಳಿಗೆ ಹೇಳಿ, ಟನ್ನಿನ ಗೆರೆಯನ್ನು ಬೇರೆಯಾಗಿ ಎಳೆಯಲಿ. ಮೌಲ್ಯವನ್ನು ಟನ್ನಿನಿಂದ ಭಾಗಿಸಿ ಇನ್ನೊಂದು ಗೆರೆ ತೆಗೆಯಲಿ. ಆ ಭಾಗಲಬ್ಧ ಒಂದು ವರ್ಷ ಹಠಾತ್ತನೆ ಎರಡು ಮೂರು ಪಟ್ಟು ಜಿಗಿದಿದ್ದರೆ ಬೆಲೆಗಿಂತ ಮೊದಲು ಅಂಕಿಯನ್ನೇ ಅನುಮಾನಿಸಿ.

ಇಥಿಯೋಪಿಯಾದ ಅಂಕಿಗೆ ಎದುರು ಪರೀಕ್ಷೆ ಬೇಕು. ಆಮದು ಮಾಡಿಕೊಂಡ ದೇಶ ಹೇಳುವುದನ್ನು ರಫ್ತು ಮಾಡಿದ ದೇಶಗಳು ಹೇಳುವುದರ ಜೊತೆ ಇಟ್ಟು ನೋಡುವುದು ನಮ್ಮ ವೃತ್ತಿಯಲ್ಲಿ ದಿನನಿತ್ಯದ ಕೆಲಸ. ರಫ್ತು ದೇಶದ ಅಂಕಿಯಲ್ಲಿ ಸಾಗಣೆ, ವಿಮೆ ಇರುವುದಿಲ್ಲವಾದ್ದರಿಂದ ಆಮದಿನ ಅಂಕಿ ಸ್ವಲ್ಪ ಹೆಚ್ಚಿರುವುದು ಸಹಜ. ಅದು ತಿರುವುಮುರುವಾಗಿದ್ದರೆ ಇನ್‌ವಾಯ್ಸ್‌ನಲ್ಲಿ ಬೆಲೆ ಕಡಿಮೆ ತೋರಿಸಿ ಸುಂಕ ಉಳಿಸಿರಬಹುದು. ಇಲ್ಲವೇ ಸರಕು ತಲುಪಿದ ದೇಶವನ್ನು ತಪ್ಪಾಗಿ ಬರೆದಿರಬಹುದು. ಸುಮಾರು ಹತ್ತು ಲಕ್ಷ ಜನರ ಜಿಬೂಟಿಗೆ ರಫ್ತು ದೇಶಗಳ ಲೆಕ್ಕದಲ್ಲಿ ಭಾರಿ ಕಾಗದ ಹೋಗಿರುವಂತೆ ಕಂಡರೆ, ಅದರಲ್ಲಿ ಇಥಿಯೋಪಿಯಾದ ಪಾಲಿದೆ ಎಂದೇ ತಿಳಿಯಬೇಕು. ಮೊಂಬಾಸಾದಲ್ಲಿಯೂ ಹೀಗೆಯೇ. ಉಗಾಂಡಾ, ದಕ್ಷಿಣ ಸುಡಾನ್ ಕಡೆಗೆ ಹೋಗುವ ಸರಕಿಗೆ ಕೆಲವೊಮ್ಮೆ ಕೀನ್ಯಾದ ಹೆಸರು ಬಿದ್ದಿರುತ್ತದೆ.

ವರ್ಷದ ಗಡಿಯೂ ಒಂದೇ ಅಲ್ಲ. ನಮ್ಮ ರಫ್ತು ಅಂಕಿಗಳು ಬಹುತೇಕ ಏಪ್ರಿಲಿನಿಂದ ಮಾರ್ಚ್‌ವರೆಗೆ, ಕೀನ್ಯಾದ ವ್ಯಾಪಾರದ ಅಂಕಿಗಳು ಜನವರಿಯಿಂದ ಡಿಸೆಂಬರಿಗೆ, ಇಥಿಯೋಪಿಯಾದ ಹಣಕಾಸು ವರ್ಷ ಜುಲೈ 8ರಿಂದ ಮರುವರ್ಷದ ಜುಲೈ 7ಕ್ಕೆ. ಅವರ ಪಂಚಾಂಗ ನಮ್ಮದಕ್ಕಿಂತ ಏಳೆಂಟು ವರ್ಷ ಹಿಂದಿರುವುದರಿಂದ ಅಲ್ಲಿನ ಸರ್ಕಾರಿ ದಾಖಲೆಯಲ್ಲಿ ಇಸವಿ ನೋಡಿ ಗಾಬರಿಯಾಗಬೇಡಿ.

ತಲಾ ಲೆಕ್ಕದ ಬಗ್ಗೆ ಒಂದು ಮಾತು. ಕೀನ್ಯಾದ 2019ರ ಜನಗಣತಿ 4.76 ಕೋಟಿ ಜನರನ್ನು ಎಣಿಸಿತು. ಇಥಿಯೋಪಿಯಾ ಕಡೆಯ ಜನಗಣತಿ ಮಾಡಿದ್ದು 2007ರಲ್ಲಿ, ಆಗ ಸುಮಾರು 7.4 ಕೋಟಿ. ಈಗ 10 ಕೋಟಿ ದಾಟಿದೆ ಎಂಬುದು ಅಂದಾಜು. ‘ತಲೆಗೆ ಇಷ್ಟು ಕಿಲೋ’ ಎಂದು ಮಾರಾಟದ ಗುರಿ ಹಾಕಿಕೊಳ್ಳುವುದು, ಅದರಲ್ಲೂ ಹಳ್ಳಿಗಳೇ ಹೆಚ್ಚಿರುವ ದೇಶದಲ್ಲಿ, ವ್ಯಾಪಾರದ ದಾರಿಯಲ್ಲ.

ಹಾಗಾದರೆ ಏನು ಮಾಡುವುದು? ನಿಮ್ಮ ಮುಂದೆ ಮೂರು ದಾರಿಗಳು ಕಾಣುತ್ತವೆ.

ಕೀನ್ಯಾಕ್ಕೆ ಸಿದ್ಧ ನೋಟ್‌ಬುಕ್ ಮಾರುವುದು ಮೊದಲನೆಯದು. ಹಣ ಬರುವ ಭರವಸೆ ಇಲ್ಲಿ ಹೆಚ್ಚು, ಲಾಭ ಕಡಿಮೆ. ಪೂರ್ವ ಆಫ್ರಿಕಾ ಸಮುದಾಯದ ಸಾಮಾನ್ಯ ಸುಂಕ ಪದ್ಧತಿಯಲ್ಲಿ ಕಚ್ಚಾಮಾಲಿಗೆ ಸೊನ್ನೆ, ಅರೆಸಿದ್ಧ ಸರಕಿಗೆ ಶೇ. 10, ಸಿದ್ಧ ವಸ್ತುವಿಗೆ ಶೇ. 25 ಎಂಬ ಮೆಟ್ಟಿಲುಗಳಿದ್ದವು. 2022ರಿಂದ ಕೆಲವು ವಸ್ತುಗಳಿಗೆ ಶೇ. 35ರ ಮೆಟ್ಟಿಲೂ ಬಂದಿದೆ. ಸ್ಥಳೀಯ ತಯಾರಕರನ್ನು ಉಳಿಸುವುದೇ ಇದರ ಗುರಿ. ಈಜಿಪ್ಟ್ ಮತ್ತು ಕೀನ್ಯಾ 2000ದಿಂದ ಕೊಮೆಸಾ (ಪೂರ್ವ ಮತ್ತು ದಕ್ಷಿಣ ಆಫ್ರಿಕಾ ದೇಶಗಳ ಕೂಟ) ಮುಕ್ತ ವ್ಯಾಪಾರ ವಲಯದಲ್ಲಿರುವುದರಿಂದ ಈಜಿಪ್ಟಿನ ಸರಕಿಗೆ ಈ ಸುಂಕದ ಹೊರೆ ಇಲ್ಲ. ಕಂಟೇನರ್ ಹೊರಡುವ ಮುನ್ನ ಕೀನ್ಯಾದ ಮಾನಕ ಸಂಸ್ಥೆಯ ಪರವಾಗಿ ನಡೆಯುವ ತಪಾಸಣೆಯ ಪ್ರಮಾಣಪತ್ರವೂ ಬೇಕಾಗುತ್ತದೆ. ಅದರ ಖರ್ಚನ್ನು ದರ ಕೊಡುವಾಗಲೇ ಸೇರಿಸಿ.

ಕೀನ್ಯಾದ ತಯಾರಕರಿಗೆ ಕಾಗದವನ್ನೇ ಪೂರೈಸುವುದು ಎರಡನೆಯದು. ನಿಮ್ಮ ಗ್ರಾಫ್ ನಿಜವಾಗಿ ತೋರಿಸುತ್ತಿರುವುದು ಈ ವ್ಯಾಪಾರವನ್ನು. ಆದರೆ ಅದು ಗಿರಣಿಗಳ ಮತ್ತು ದೊಡ್ಡ ವ್ಯಾಪಾರಿಗಳ ಆಟ. ನೀವು ಮಧ್ಯವರ್ತಿಯಾಗಿ ಹೋದರೆ ಟನ್ನಿನ ಮೇಲಿನ ಸಣ್ಣ ಲಾಭ ಒಂದು ತಿಂಗಳ ಬೆಲೆಯೇರಿಕೆಯಲ್ಲಿ ಕರಗಿಹೋಗುತ್ತದೆ. ನಿಯಮಗಳೂ ಬದಲಾಗುತ್ತವೆ. 2023ರ ಹಣಕಾಸು ಕಾಯ್ದೆಯಲ್ಲಿ ಕೀನ್ಯಾ ಆಮದು ಕ್ರಾಫ್ಟ್ ಕಾಗದದ ಮೇಲೆ ಹೊಸದಾಗಿ ಒಂದು ಲೆವಿ ಹಾಕಿತು. ಪೀಣ್ಯದ ಸಣ್ಣ ಘಟಕಕ್ಕೆ ಈ ದಾರಿಯನ್ನು ನಾನು ಸೂಚಿಸುವುದಿಲ್ಲ.

ಮೂರನೆಯದು ಇಥಿಯೋಪಿಯಾ. ಅಲ್ಲಿ ಸಿದ್ಧ ವಸ್ತುವಿಗೆ ಜಾಗವಿದೆ, ಅಪಾಯ ಹಣದ್ದು. ಅಲ್ಲಿನ ಬ್ಯಾಂಕ್ ತೆರೆದ ಎಲ್‌ಸಿಯನ್ನು ಇಥಿಯೋಪಿಯಾದ ಹೊರಗಿನ, ನಿಮ್ಮ ಬ್ಯಾಂಕ್ ಒಪ್ಪುವ ಇನ್ನೊಂದು ಬ್ಯಾಂಕ್ ದೃಢೀಕರಿಸಿರಬೇಕು, ಅಂದರೆ ಹಣಕ್ಕೆ ತಾನೂ ಹೊಣೆ ಎಂದು ಒಪ್ಪಿರಬೇಕು. ದೃಢೀಕರಣದ ಶುಲ್ಕ ಕೇಳಿ ನಿಮ್ಮ ಲಾಭವೇ ಮುಗಿಯುವಂತಿದ್ದರೆ ಆ ಆರ್ಡರ್ ಬಿಟ್ಟುಬಿಡಿ. ಆ ಶುಲ್ಕ ಅಂದರೆ ಬೇರೆ ಬ್ಯಾಂಕುಗಳು ಅಪಾಯಕ್ಕೆ ಕಟ್ಟಿದ ಬೆಲೆ. ರಫ್ತು ಹಣಕ್ಕೆ ವಿಮೆ ಕೊಡುವ ನಮ್ಮ ಸರ್ಕಾರಿ ಸಂಸ್ಥೆ ಇಸಿಜಿಸಿಯ ವಿಮೆಗೆ ಅರ್ಜಿ ಹಾಕಿ, ಆ ದೇಶಕ್ಕೆ ಈಗ ಯಾವ ಷರತ್ತಿನ ಮೇಲೆ ರಕ್ಷಣೆ ಕೊಡುತ್ತಾರೆ ಎಂದು ಬರಹದಲ್ಲಿ ಪಡೆಯಿರಿ. ‘ಮೊದಲ ಕಂಟೇನರ್ ಸಾಲದ ಮೇಲೆ ಕಳಿಸಿ, ಸಂಬಂಧ ಬೆಳೆಯಲಿ’ ಎನ್ನುವ ಖರೀದಿದಾರ ಪ್ರಾಮಾಣಿಕನೇ ಇರಬಹುದು. ಆದರೆ ಅವನ ಬ್ಯಾಂಕಿನಲ್ಲಿ ಡಾಲರ್ ಇಲ್ಲದಿದ್ದರೆ ಅವನ ಪ್ರಾಮಾಣಿಕತೆಯಿಂದ ನಿಮ್ಮ ಖಾತೆಗೆ ಹಣ ಬರದು.

ನನ್ನ ಸಲಹೆ ಇದು: ಮೊದಲ ವರ್ಷ ಕೀನ್ಯಾಕ್ಕೆ ಸಣ್ಣ ಪ್ರಮಾಣದಲ್ಲಿ ಹೋಗಿ. ಸಾಮಾನ್ಯ ನೋಟ್‌ಬುಕ್ ಬಿಟ್ಟು, ಅಲ್ಲಿನವರು ಸುಲಭವಾಗಿ ಮಾಡದ ಗಟ್ಟಿ ರಟ್ಟಿನ ರಿಜಿಸ್ಟರು, ಪ್ರಯೋಗಾಲಯದ ರೆಕಾರ್ಡ್ ಪುಸ್ತಕದಂಥವನ್ನು ಪ್ರಯತ್ನಿಸಿ. ಇಥಿಯೋಪಿಯಾವನ್ನು ಪಟ್ಟಿಯಿಂದ ತೆಗೆಯಬೇಡಿ. ದೃಢೀಕರಿಸಿದ ಎಲ್‌ಸಿ ಕೊಡಬಲ್ಲ ಒಬ್ಬ ಖರೀದಿದಾರ ಸಿಕ್ಕರೆ ಒಂದೇ ಕಂಟೇನರಿನಿಂದ ಶುರು ಮಾಡಿ. ಡ್ಯೂಪ್ಲೆಕ್ಸ್ ಪೆಟ್ಟಿಗೆಯನ್ನು ಸದ್ಯಕ್ಕೆ ಎರಡೂ ಕಡೆ ಮರೆತುಬಿಡಿ. ಜಾಗ ಹೆಚ್ಚು ಹಿಡಿಯುವ, ಬೆಲೆ ಕಡಿಮೆ ಇರುವ ಸರಕಿನ ಲಾಭವನ್ನು ಹಡಗಿನ ಬಾಡಿಗೆಯೇ ತಿನ್ನುತ್ತದೆ.

ಮಗಳಿಗೆ ಹೊಸ ಕೆಲಸ: ಕಾಮ್‌ಟ್ರೇಡ್‌ನಲ್ಲಿ 4820 ಮತ್ತು 4802 ಎರಡನ್ನೂ ಬೇರೆ ಬೇರೆಯಾಗಿ, ಎರಡೂ ದೇಶಗಳಿಗೆ, ಟನ್ ಮತ್ತು ಡಾಲರ್ ಎರಡರಲ್ಲೂ ತೆಗೆಯಲಿ. ಯಾವ ದೇಶದಿಂದ ಬಂದಿದೆ ಎಂಬ ಕಾಲಮನ್ನು ಬಿಡದಿರಲಿ. 4802 ಏರುತ್ತ 4820 ಇಳಿಯುತ್ತಿದ್ದರೆ ಅಲ್ಲಿ ಸ್ಥಳೀಯ ನೋಟ್‌ಬುಕ್ ಉದ್ಯಮ ಬಲವಾಗುತ್ತಿದೆ ಎಂದರ್ಥ. ಜೊತೆಗೆ ಶಾಲೆಗಳ ದಿನಾಂಕ ನೋಡಿಕೊಳ್ಳಿ. ಕೀನ್ಯಾದ ಶಾಲಾ ವರ್ಷ ಜನವರಿಯಲ್ಲಿ ಆರಂಭವಾಗುತ್ತದೆ, ಇಥಿಯೋಪಿಯಾದ್ದು ಅವರ ಹೊಸ ವರ್ಷದ ಆಸುಪಾಸು, ಸೆಪ್ಟೆಂಬರಿನಲ್ಲಿ. ಹಡಗು, ಬಂದರಿನ ತಪಾಸಣೆ, ಸಗಟು ವ್ಯಾಪಾರಿಯ ಗೋದಾಮು ಎಲ್ಲಕ್ಕೂ ಸಮಯ ಬಿಟ್ಟರೆ ಕೀನ್ಯಾದ ಮಾದರಿಗಳು ಜುಲೈ–ಆಗಸ್ಟಿನೊಳಗೆ ಖರೀದಿದಾರನ ಮೇಜಿನ ಮೇಲಿರಬೇಕು. ಇಥಿಯೋಪಿಯಾದವು ಫೆಬ್ರವರಿಯೊಳಗೆ ತಲುಪಬೇಕು, ಏಕೆಂದರೆ ಅಲ್ಲಿ ಎಲ್‌ಸಿ ತೆರೆಯುವುದಕ್ಕೇ ತಿಂಗಳುಗಳು ಹಿಡಿಯಬಹುದು.